ಯುಆರ್‌ಎಲ್‌ಗೆ ಒಂದು ನ್ಯಾಯ, ಫೈಲಿಗೆ ಇನ್ನೊಂದು (5ಕ್ಕೆ 3 ಸ್ಟಾರ್)

ಕೋಲಾರ ಎಪಿಎಂಸಿಯ ಟೊಮೆಟೊ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡೋದು ನನ್ನ ಕೆಲಸ. ರೈತರ ದುಡ್ಡು ನೇರ ಖಾತೆಗೆ ಹೋಗಬೇಕು, ಬ್ಯಾಂಕಿನದ್ದು ಇನ್ನೂ ಹಳೇ ಸೋಪ್ (ಎರಡು ಸಾಫ್ಟ್‌ವೇರ್ ಎಕ್ಸ್‌ಎಂಎಲ್ ಸಂದೇಶದಲ್ಲಿ ಮಾತಾಡೋ ಪದ್ಧತಿ) ಸರ್ವಿಸ್. ಅದನ್ನ ಟೆಸ್ಟ್ ಮಾಡೋಕೆ ಕಾಸು ಕೊಟ್ಟು ತಗೊಂಡ ಟೂಲ್ ಇದು. ಸಪೋರ್ಟ್‌ನವರ ಜೊತೆ ಇನ್ನೂ ಮಾತು ನಡೀತಿದೆ, ಹೆಸರು ಬೇಡ. ವೇಗ ಚೆನ್ನಾಗಿದೆ, ರೈತರ ಹೆಸರು ಕನ್ನಡದಲ್ಲೇ ಹಾಕಿದ್ರೂ ಅಕ್ಷರ ಒಡೆಯಲ್ಲ.

ತಕರಾರು ಇಂಪೋರ್ಟ್‌ನಲ್ಲಿ, ಅಂದ್ರೆ ಬ್ಯಾಂಕಿನ ಫೈಲುಗಳನ್ನ ಟೂಲ್ ಒಳಗೆ ತರೋದ್ರಲ್ಲಿ. ಬ್ಯಾಂಕಿನ ಮುಖ್ಯ ಡಬ್ಲ್ಯುಎಸ್‌ಡಿಎಲ್ ಫೈಲು (ಸರ್ವಿಸ್ ಏನೇನು ಮಾಡುತ್ತೆ ಅಂತ ವಿವರಿಸೋದು) 'ಸ್ಕೀಮಾ' ಫೋಲ್ಡರಿನ ಒಂದು ಎಕ್ಸ್‌ಎಸ್‌ಡಿಯನ್ನ (ಸಂದೇಶದಲ್ಲಿ ಯಾವ ಮಾಹಿತಿ ಹೇಗಿರಬೇಕು ಅಂತ ಹೇಳೋ ಸ್ಕೀಮಾ ಫೈಲು) ಕರೆಯುತ್ತೆ, ಅದು ಅಲ್ಲೇ ಒಳಗಿರೋ 'ಕಾಮನ್' ಫೋಲ್ಡರಿನ ಇನ್ನೊಂದನ್ನ. ಯುಆರ್‌ಎಲ್ ಕೊಟ್ಟರೆ ಮೂರೂ ಬರ್ತವೆ. ಅದೇ ಫೈಲುಗಳನ್ನ ಡಿಸ್ಕಿನಿಂದ ತೆರೆದರೆ ಮೂರನೇದು ನಾಪತ್ತೆ. ಇನ್ನೊಂದು ಫೈಲಿಗೆ ಹೋಗೋ ದಾರಿ (ಪಾತ್) ಯಾವ ಫೈಲಿನಲ್ಲಿ ಬರೆದಿದೆಯೋ ಅಲ್ಲಿಂದಲೇ ಲೆಕ್ಕ ಹಿಡೀಬೇಕು. ಈ ಟೂಲ್ ಡಿಸ್ಕಿನಿಂದ ಓದುವಾಗ ಎಲ್ಲಾನೂ ಮುಖ್ಯ ಫೈಲಿನಿಂದ ಹಿಡಿಯುತ್ತೆ. ಬಂಗಾರಪೇಟೆಯಲ್ಲಿ ನಿಂತವರು ಹೇಳಿದ 'ಮುಂದೆ ಎರಡನೇ ಬಲ'ವನ್ನ ಕೋಲಾರ ಬಸ್ ಸ್ಟ್ಯಾಂಡಿನಿಂದ ಎಣಿಸಿದ ಹಾಗೆ.

ಸಿಗಲಿಲ್ಲ ಅಂತ ಬಾಯಿಬಿಟ್ಟಿದ್ರೆ ಬೇಜಾರಿರಲಿಲ್ಲ. ಬಾಯೇ ಬಿಡಲ್ಲ! ಹಸಿರು ಟಿಕ್ ತೋರಿಸಿ, ಖಾತೆ ನಂಬರಿನ ಜಾಗವೇ ಇಲ್ಲದ ರಿಕ್ವೆಸ್ಟ್ ತಯಾರು ಮಾಡಿ ಕೈಗಿಡುತ್ತೆ.

ಸಪೋರ್ಟ್‌ನವರು 'ನಿಮ್ಮ ಫೈಲೇ ತಪ್ಪು' ಅಂದ್ರು. ತೆಗೆದು ನೋಡಿದೆ. ಫೈಲಿನೊಳಗೆ ಬರೆಯೋ 'ಇಂಪೋರ್ಟ್' ಸಾಲಿನಲ್ಲಿ, ಡಬ್ಲ್ಯುಎಸ್‌ಡಿಎಲ್ ಇಂಪೋರ್ಟ್ ಬರೀ ಡಬ್ಲ್ಯುಎಸ್‌ಡಿಎಲ್ ಫೈಲಿಗೆ, ಸ್ಕೀಮಾಗೆ ಸ್ಕೀಮಾದ್ದೇ ಇಂಪೋರ್ಟ್ ಅಂತ 2004ರ ಡಬ್ಲ್ಯುಎಸ್-ಐ ಬೇಸಿಕ್ ಪ್ರೊಫೈಲ್ (ವೆಬ್ ಸರ್ವಿಸ್‌ಗಳು ಒಂದಕ್ಕೊಂದು ಹೊಂದಲಿ ಅಂತ ಮಾಡಿದ ನಿಯಮಾವಳಿ) ಹೇಳುತ್ತೆ, ಬ್ಯಾಂಕಿನವರು ಹಾಗೇ ಬರೆದಿದ್ದಾರೆ. ಇಂಪೋರ್ಟ್ ಸಾಲಿನಲ್ಲಿ ಸ್ಕೀಮಾ ಎಲ್ಲಿದೆ ಅಂತ ಹೇಳೋ 'ಸ್ಕೀಮಾಲೊಕೇಶನ್' ಬರೀ ಸುಳಿವು ಅನ್ನೋದೂ ನಿಜ, ಅದಕ್ಕೇ ಎರಡು ಟೂಲ್ ಎರಡು ಥರ ನಡೆದುಕೊಂಡ್ರೆ ಒಪ್ಪಬಹುದು. ಒಂದೇ ಟೂಲ್ ಎರಡು ಥರ ಯಾಕೆ?

ರಿಫ್ರೆಶ್ ಕಥೆಯೂ ಅಷ್ಟೇ. ಮುಖ್ಯ ಫೈಲು ಹೊಸದಾಗಿ ಓದುತ್ತೆ, ಒಳಗಿನ ಎಕ್ಸ್‌ಎಸ್‌ಡಿ ಮಾತ್ರ ಹಳೇ ಕ್ಯಾಶ್‌ನಿಂದ (ಮೊದಲೇ ಉಳಿಸಿಟ್ಟ ಪ್ರತಿಯಿಂದ).

ತಗೊಂಡುಬಿಟ್ಟವರಿಗೆ ಒಂದು ಉಪಾಯ: ಬ್ಯಾಂಕಿನ ಜಿಪ್ ಬಿಚ್ಚಿದ ಫೋಲ್ಡರಿನಲ್ಲೇ ಪೈಥಾನ್‌ನ ಎಚ್‌ಟಿಟಿಪಿ ಸರ್ವರ್ ಓಡಿಸಿ, ಫೈಲಿನ ಬದಲು ಲೋಕಲ್‌ಹೋಸ್ಟ್ (ನಿಮ್ಮದೇ ಕಂಪ್ಯೂಟರ್) 8000ರ ಯುಆರ್‌ಎಲ್ ಕೊಡಿ. ಎಕ್ಸ್‌ಎಸ್‌ಡಿ ಬದಲಾದಾಗ ರಿಫ್ರೆಶ್ ನಂಬಬೇಡಿ, ಪ್ರಾಜೆಕ್ಟ್ ಅಳಿಸಿ ಮತ್ತೆ ಇಂಪೋರ್ಟ್ ಮಾಡಿ. ಹೊಸದಾಗಿ ಕೊಳ್ಳೋರು ಟ್ರಯಲ್‌ನಲ್ಲೇ ನಿಮ್ಮ ಬ್ಯಾಂಕಿನ ಜಿಪ್ ಹಾಕಿ ನೋಡಿ. ಅವರು ಕೊಡೋ ಸ್ಯಾಂಪಲ್‌ನಲ್ಲಿ ಇರೋದು ಒಂದೇ ಫೈಲು, ಅದು ಯಾವತ್ತೂ ಕೈಕೊಡಲ್ಲ.