ಅಡುಗೆ ಕಲಿಯಲು ಮೂರು ದಾರಿ: ಎಂಟು ವಾರ, ಒಂದೂವರೆ ವರ್ಷ, ಮಾವನ ತಂಡ

ಎಸ್ಸೆಸ್ಸೆಲ್ಸಿ ಮುಗಿಸಿ ಅಡುಗೆಯನ್ನೇ ಉದ್ಯೋಗವಾಗಿಸಿಕೊಳ್ಳಲು ಹೊರಟ ಮಕ್ಕಳನ್ನು ಎಲ್ಲಿಗೆ ಸೇರಿಸಬೇಕು ಎಂದು ಊರಿನವರು ನನ್ನನ್ನು ಕೇಳುತ್ತಿರುತ್ತಾರೆ. ಉಡುಪಿ ಕಡೆಯ ಮದುವೆ, ಉಪನಯನಗಳಿಗೆ ಅಡುಗೆ ಮಾಡುವ ಸೋದರಮಾವನ ತಂಡದಲ್ಲಿ ನಾನು ಎರಡು ಸೀಸನ್ ದುಡಿದೆ. ಅನಂತರ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ‘ಹುನರ್ ಸೆ ರೋಜ್‌ಗಾರ್ ತಕ್’ ಯೋಜನೆಯಡಿ ಎಂಟು ವಾರಗಳ ತರಬೇತಿ ಪಡೆದೆ, ಕೊನೆಗೆ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಯೊಂದರಲ್ಲಿ ಆಹಾರ ತಯಾರಿಕೆಯ ಒಂದೂವರೆ ವರ್ಷದ ಕ್ರಾಫ್ಟ್ ಕೋರ್ಸ್ ಮುಗಿಸಿದೆ.

2009-10ರಲ್ಲಿ ಆರಂಭವಾದ ಆ ಯೋಜನೆಯ ತರಬೇತಿ ಎಂಟನೇ ತರಗತಿ ಪಾಸಾದವರಿಗೂ ದೊರೆಯುತ್ತಿತ್ತು, ಶುಲ್ಕವಿರಲಿಲ್ಲ. ಚಾಕು ಹಿಡಿಯುವ ಕ್ರಮವನ್ನೂ, ತರಕಾರಿ ಹೆಚ್ಚಲು ಹಸಿರು ಹಲಗೆ, ಹಸಿ ಮಾಂಸಕ್ಕೆ ಕೆಂಪು, ಮೀನಿಗೆ ನೀಲಿ ಎಂಬ ಶಿಸ್ತನ್ನೂ ನಾನು ಕಲಿತದ್ದು ಅಲ್ಲಿಯೇ. ಆದರೆ ನಮ್ಮ ಬ್ಯಾಚಿನ ಮೂವತ್ತು ಮಂದಿಗೆ ಇದ್ದದ್ದು ನಾಲ್ಕು ಒಲೆ. ಶಿಕ್ಷಕರು ಗ್ರೇವಿ ಮಾಡಿ ತೋರಿಸುತ್ತಿದ್ದರು, ನಾವು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆವು. ಈರುಳ್ಳಿ ಯಾವ ಹದಕ್ಕೆ ಕೆಂಪಾಗಬೇಕೆಂಬುದು ಬರೆದುಕೊಂಡರೆ ಬರುವ ವಿದ್ಯೆಯಲ್ಲ.

ನಿಜವಾದ ಹೋಲಿಕೆ ಇರುವುದು ಉಳಿದೆರಡರ ನಡುವೆ, ಅದೂ ಮುಖ್ಯವಾಗಿ ಉಪ್ಪಿನ ವಿಷಯದಲ್ಲಿ. ಮಾವನ ತಂಡದಲ್ಲಿ ನೈವೇದ್ಯವಾಗುವ ಮೊದಲು ಅಡುಗೆಯನ್ನು ಬಾಯಿಗೆ ಹಾಕಿ ನೋಡುವಂತಿಲ್ಲ. ಆರುನೂರು ಎಲೆಗೆ ಕುಂಬಳಕಾಯಿ ಹುಳಿ ಕೊಪ್ಪರಿಗೆಯಲ್ಲಿ ಕುದಿಯುತ್ತಿರುವಾಗ ಮಾವ ಕಟ್ಟಿಗೆಯನ್ನು ಸ್ವಲ್ಪ ಹೊರಗೆಳೆದು, ಸಟ್ಟುಗದಲ್ಲಿ ಹುಳಿಯನ್ನು ಮೇಲೆತ್ತಿ ಸುರಿದು, ಎದ್ದ ಹಬೆಯನ್ನು ಮೂಗಿಗೆ ಎಳೆದುಕೊಂಡು, “ಮಾಣಿ, ಇನ್ನೊಂದು ಮುಷ್ಟಿ ಹಾಕು” ಎನ್ನುತ್ತಿದ್ದರು. ಅದು ತಪ್ಪಿದ್ದನ್ನು ನಾನು ಕಾಣಲಿಲ್ಲ. ಕ್ರಾಫ್ಟ್ ಕೋರ್ಸಿನಲ್ಲಾದರೋ ಪ್ರತಿ ಹಂತದಲ್ಲೂ ಶುಚಿಯಾದ ಚಮಚದಲ್ಲಿ ರುಚಿ ನೋಡಲೇಬೇಕು, ನೋಡದೆ ಬಡಿಸಿದವನಿಗೆ ಪ್ರಾಕ್ಟಿಕಲ್‌ನಲ್ಲಿ ಅಂಕ ಕಡಿತವಾಗುತ್ತಿತ್ತು. ಮೊದಲ ತಿಂಗಳು ನನ್ನ ಕೈ ಚಮಚದ ಕಡೆಗೆ ಹೋಗುತ್ತಲೇ ಇರಲಿಲ್ಲ.

ಮಾವನ ಅಳತೆ ಅವರ ಮುಷ್ಟಿಯದ್ದು. ನನ್ನ ಮುಷ್ಟಿ ಅದಕ್ಕಿಂತ ಚಿಕ್ಕದಾದ್ದರಿಂದ ಆ ವಿದ್ಯೆಯನ್ನು ನಾನು ಬೇರೊಂದು ಅಡುಗೆಮನೆಗೆ ಇದ್ದಂತೆಯೇ ಒಯ್ಯಲಾರದೆ ಹೋದೆ. ಕ್ರಾಫ್ಟ್ ಕೋರ್ಸಿನಲ್ಲಿ ಎಲ್ಲವೂ ಗ್ರಾಂ ಲೆಕ್ಕದ ರೆಸಿಪಿ ಕಾರ್ಡಿನಲ್ಲಿರುತ್ತದೆ. ಅದರ ಮೇಲೆ ಒಂದು ತಟ್ಟೆಗೆ ಬೀಳುವ ಖರ್ಚನ್ನು ತೆಗೆಯುವ ಕಾಸ್ಟಿಂಗ್, ಫ್ರೆಂಚ್ ಅಡುಗೆಯ ಐದು ಮೂಲ ಸಾಸ್‌ಗಳು, 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬೇಯಿಸಿದ ಅನ್ನವನ್ನು ಹೆಚ್ಚು ಹೊತ್ತು ಬಿಡಬಾರದೇಕೆ ಎಂಬುದರ ಕಾರಣ, ಇವೆಲ್ಲ ಸೇರುತ್ತವೆ. ಮಾವ ಅನ್ನವನ್ನು ಬಡಿಸುವ ಹೊತ್ತಿಗೆ ಸರಿಯಾಗಿ ಬಸಿಯುತ್ತಿದ್ದರು. ಕಾರಣ ಕೇಳಿದರೆ “ಹಳಸುತ್ತದೆ” ಎಂಬಷ್ಟೇ ಉತ್ತರ.

ಆದರೆ ತರಗತಿಯಲ್ಲಿ ಮಾಡುವುದು ನಾಲ್ಕು ಮಂದಿಯ ಅಡುಗೆ. ಒಂದು ವರ್ಷದ ತರಗತಿಯ ಬಳಿಕ ಆರು ತಿಂಗಳು ಹೋಟೆಲಿನ ಅಡುಗೆಮನೆಯಲ್ಲಿ ಕಳೆಯುವಾಗ ನನ್ನ ಸಹಪಾಠಿಗಳು ಬ್ಯಾಂಕ್ವೆಟ್‌ನ, ಅಂದರೆ ದೊಡ್ಡ ಔತಣದ, ಪಾತ್ರೆಗಳನ್ನು ನೋಡಿಯೇ ಕಂಗಾಲಾದರು. ಮುನ್ನೂರು ಮಂದಿಯ ಸಾಂಬಾರಿಗೆ ರೆಸಿಪಿಯನ್ನು ಎಪ್ಪತ್ತೈದರಿಂದ ಗುಣಿಸಿ ನೀರು ಹಾಕಿದವನ ಸಾಂಬಾರು ತೆಳ್ಳಗಾಯಿತು, ಏಕೆಂದರೆ ದೊಡ್ಡ ಪಾತ್ರೆಯಲ್ಲಿ ನೀರು ಅದೇ ಲೆಕ್ಕದಲ್ಲಿ ಇಂಗುವುದಿಲ್ಲ. ಅದು ನನಗೆ ಕೊಪ್ಪರಿಗೆಯ ಪಕ್ಕದಲ್ಲಿ ನಿಂತು ಗೊತ್ತಿತ್ತು.

ಆದ್ದರಿಂದ ಶುಲ್ಕ ಹೊಂದಿಸಲು ಸಾಧ್ಯವಿರುವವರಿಗೆ ನಾನು ಹೇಳುವುದು ಹೀಗೆ: ಪರೀಕ್ಷೆಯ ನಂತರದ ಬೇಸಿಗೆಯನ್ನು ಪರಿಚಯದ ಅಡುಗೆಯವರ ತಂಡದಲ್ಲಿ ಕಳೆಯಲಿ, ಬಳಿಕ ಕ್ರಾಫ್ಟ್ ಕೋರ್ಸ್ ಸೇರಲಿ. ಸಾಧ್ಯವಿಲ್ಲದವರು ಉಚಿತ ಅಲ್ಪಾವಧಿ ತರಬೇತಿಯನ್ನು ಖಂಡಿತ ಪಡೆಯಲಿ. ಆದರೆ ಹೆಸರು ನೋಂದಾಯಿಸುವ ಮೊದಲು ಕೇಂದ್ರದ ಅಡುಗೆಮನೆಯೊಳಗೆ ಹೋಗಿ, ಒಂದು ಒಲೆಗೆ ಎಷ್ಟು ಮಂದಿ ನಿಲ್ಲುತ್ತಾರೆಂದು ಎಣಿಸಿ ಬರಲಿ.