ಮಂಗಳೂರಲ್ಲಿ ಜೆನೆಟಿಕ್ ಕೌನ್ಸೆಲಿಂಗ್: ಒಳಗೆ ಐದು ಸ್ಟಾರ್, ರಿಸೆಪ್ಷನ್‌ಗೆ ಒಂದು

ಕಾಸರಗೋಡಿನ ಬದಿಯಡ್ಕ ಕಡೆಯಿಂದ ಎರಡು ಸಲ ಜೆನೆಟಿಕ್ ಕೌನ್ಸೆಲಿಂಗಿಗೆ, ಅಂದ್ರೆ ವಂಶದಲ್ಲಿ ಬರುವ ಕಾಯಿಲೆ ಬಗ್ಗೆ ತಿಳಿಸಿ ಸಲಹೆ ಕೊಡುವಲ್ಲಿಗೆ, ಹೋಗಿ ಬಂದ ಮೇಲೆ ಬರೀತಿದ್ದೇನೆ. ದೊಡ್ಡ ಆಸ್ಪತ್ರೆ, ಹೆಸರು ಹಾಕೋದಿಲ್ಲ.

ಅಪ್ಪನಿಗೆ ಹಂಟಿಂಗ್ಟನ್ ಕಾಯಿಲೆ, ವಂಶದಲ್ಲಿ ಬಂದು ಮೆದುಳನ್ನು ನಿಧಾನಕ್ಕೆ ಹಾಳು ಮಾಡುವಂಥದ್ದು. ಅದು ಅಂತ ಗೊತ್ತಾಗ್ಲಿಕ್ಕೇ ಆರು ವರ್ಷ ಹೋಯ್ತು. ಚಾಲಿ ಅಡಿಕೆ ಸುಲೀಲಿಕ್ಕೆ ಕೂತ್ರೆ ಕೈ ನಿಲ್ತಿರ್ಲಿಲ್ಲ, ಲೋಟದ ಚಾ ಅರ್ಧ ಅಂಗಿ ಮೇಲೆ, ಊರಲ್ಲಿ ಕೆಲವರು ಕುಡಿತ ಅಂದ್ರು, ಉಳಿದವರು ಎಂಡೋಸಲ್ಫಾನ್ ಕೀಟನಾಶಕ ಅಂದ್ರು. ನಮ್ಮಲ್ಲಿ ನರದ ತೊಂದರೆ ಎಂತದ್ದೇ ಬರ್ಲಿ ಮೊದಲು ಬಾಯಿಗೆ ಬರೋದು ಅದೇ, ಗೇರುತೋಟಕ್ಕೆ ಹೆಲಿಕಾಪ್ಟರಲ್ಲಿ ಬಿಟ್ಟದ್ದನ್ನು ಕಣ್ಣಾರೆ ಕಂಡವರು ಇನ್ನೆಂತ ಹೇಳ್ತಾರೆ ಹೇಳಿ.

ನಾನು ಹೋದದ್ದು ನಿಜಕ್ಕೂ ಮದ್ದು ಕೇಳ್ಲಿಕ್ಕೆ. 2025ರ ಸೆಪ್ಟೆಂಬರಲ್ಲಿ ಭಾವ ಒಂದು ಸುದ್ದಿ ಕಳಿಸಿದ್ರು, ಜೀನ್ ಸೈಲೆನ್ಸಿಂಗ್ ಮಾಡಿ ಹಂಟಿಂಗ್ಟನ್ ನಿಧಾನ ಮಾಡಿದ್ರಂತೆ, ಲಂಡನ್ನಿನ ಸಾರಾ ತಬ್ರಿಜಿ ಅಂತ ವಿಜ್ಞಾನಿ ಹೇಳಿದ್ದು ಅಂತ. ಕೌನ್ಸೆಲರ್ ಮೇಡಂ ಫೋನ್ ಸ್ಕ್ರೀನ್ ನೋಡಿ ನಗ್ಲಿಲ್ಲ, ಪೇಪರ್ ತೆಗೆದ್ರು. ಸಿಎಜಿ, ಸಿಎಜಿ, ಸಿಎಜಿ ಅಂತ ಬರೀತಾ ಹೋದ್ರು, ಒಂದು ಸಾಲು ಮುಗ್ದು ಎರಡನೇ ಸಾಲಿಗೂ ಬಂತು. ನಾಲ್ಕನೇ ಕ್ರೋಮೋಸೋಮಿನ ಒಂದು ಜೀನಲ್ಲಿ ಡಿಎನ್‌ಎಯ ಈ ಮೂರಕ್ಷರ ಸಾಲಾಗಿ ಮತ್ತೆ ಮತ್ತೆ ಬರೋದು ಎಲ್ಲರಿಗೂ ಉಂಟಂತೆ, 40 ಸಲ ಅಥವಾ ಅದಕ್ಕಿಂತ ಜಾಸ್ತಿ ಆದ್ರೆ ಆ ಜೀನಿಂದ ಕೆಟ್ಟ ಪ್ರೋಟೀನ್ ತಯಾರಾಗಿ ಕಾಯಿಲೆ ಬಂದೇ ಬರ್ತದೆ. ಅಪ್ಪನದ್ದು 44. ಮಕ್ಕಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ, ಗಂಡು ಹೆಣ್ಣು ಅಂತ ಇಲ್ಲ.

ಸೈಲೆನ್ಸಿಂಗ್ ಅಂದ್ರೆ ಎಂತ ಅಂತ ಕೇಳಿದೆ. ಜೀನ್ ಅಂದ್ರೆ ಜಾಗದ ಒರಿಜಿನಲ್ ಡಾಕ್ಯುಮೆಂಟ್ ಅಂದ್ಕೊಳ್ಳಿ, ಅದು ಪೆಟ್ಟಿಗೆಯಿಂದ ಹೊರಗೆ ಬರೋದಿಲ್ಲ, ಬರೋದು ಜೆರಾಕ್ಸ್ ಮಾತ್ರ, ಆ ಜೆರಾಕ್ಸೇ ಮೆಸೆಂಜರ್ ಆರ್‌ಎನ್‌ಎ, ಅದನ್ನು ದಾರಿಯಲ್ಲೇ ಹರಿದು ಹಾಕಿದ್ರೆ ಕೆಟ್ಟ ಪ್ರೋಟೀನ್ ಕಡಿಮೆ ತಯಾರಾಗ್ತದೆ ಅಂದ್ರು. (ಸರ್ಕಾರಿ ಅರ್ಜಿ ಹಾಕುವ ನಮ್ಮ ಅಕ್ಷಯ ಸೆಂಟರಿಗೆ ಮುಟ್ಟುವ ಮೊದಲೇ ಹರಿದ ಹಾಗೆ, ಇದು ನಾನು ಸೇರಿಸಿದ್ದು.) ಹುಳದಲ್ಲಿ ಹೀಗೆ ಹರಿಯುವ ಒಂದು ದಾರಿಯನ್ನು ಕಂಡುಹಿಡಿದ ಫೈರ್ ಮತ್ತು ಮೆಲ್ಲೋ ಅಂತ ವಿಜ್ಞಾನಿಗಳಿಗೆ 2006ರಲ್ಲಿ ನೊಬೆಲ್ ಬಂದಿದೆ.

ಆಮೇಲೆ ನನ್ನ ಉಮೇದು ಇಳಿಸಿದ್ರು, ಅದಕ್ಕೇ ನಾನು ಸ್ಟಾರ್ ಕೊಡೋದು. ತಬ್ರಿಜಿ ತಂಡ 46 ರೋಗಿಗಳಿಗೆ ಬೆನ್ನುಹುರಿಯ ನೀರಿಗೆ ಇಂಜೆಕ್ಷನ್ ಕೊಟ್ಟು ಕೆಟ್ಟ ಪ್ರೋಟೀನ್ ಇಳಿಯೋದನ್ನು 2017ರಲ್ಲೇ ತೋರಿಸಿತ್ತು, ಎಲ್ಲರೂ ಕುಣಿದ್ರು, ಆದ್ರೆ ಅದೇ ಮದ್ದಿನ ದೊಡ್ಡ ಟ್ರಯಲ್ 2021ರ ಮಾರ್ಚಲ್ಲಿ ನಿಲ್ಸಿದ್ರು, ಎಂಟು ವಾರಕ್ಕೊಮ್ಮೆ ತಗೊಂಡವರಿಗೆ ಬರೀ ನೀರಿನ ಇಂಜೆಕ್ಷನ್ ತಗೊಂಡವರಿಗಿಂತಲೂ ಕಷ್ಟ ಆಯ್ತಂತೆ. ಅದು ಸರಿ ಇದ್ದ ಇನ್ನೊಂದು ಜೀನಿನ ಒಳ್ಳೆಯ ಜೆರಾಕ್ಸನ್ನೂ ಹರೀತಿತ್ತು. ಭಾವ ಕಳಿಸಿದ್ದು ಬೇರೆ ಮದ್ದು, ಎಎಂಟಿ-130, ತಲೆಬುರುಡೆಗೆ ತೂತು ಮಾಡಿ ಮೆದುಳೊಳಗೇ ವೈರಸ್ ಮೂಲಕ ಬಿಡೋದು, ಗಂಟೆಗಟ್ಟಲೆ ಆಪರೇಷನ್. ಮೂರು ವರ್ಷದಲ್ಲಿ ಶೇ. 75ರಷ್ಟು ನಿಧಾನ ಆಗಿದೆ ಅಂದದ್ದು ನಿಜ, ಆದ್ರೆ ಹೆಚ್ಚು ಡೋಸಿನ 12 ಜನರ ಲೆಕ್ಕ ಅದು, ಹೋಲಿಸಿದ್ದು ಟ್ರಯಲಿನ ಹೊರಗಿನ ರೋಗಿಗಳ ಜೊತೆ. "ಅಪ್ಪನಿಗೆ ಅಂತ ಜಾಗ ಮಾರ್ಲಿಕ್ಕೆ ಹೋಗ್ಬೇಡಿ" ಅಂದ್ರು. ನಾನು ಮಾರುವ ಮಾತು ಎತ್ತಿರ್ಲೇ ಇಲ್ಲ, ಹೇಗೆ ಗೊತ್ತಾಯ್ತೋ.

ನನ್ನ ರಕ್ತವೂ ತೆಗೀರಿ ಅಂದೆ. ಇವತ್ತು ಬೇಡ ಅಂದ್ರು! ಟೆಸ್ಟ್ ಮಾಡಿದ್ರೆ ದುಡ್ಡು ಅವರಿಗೇ ಅಲ್ವಾ, ಆದ್ರೂ ಒಂದು ತಿಂಗಳು ಯೋಚನೆ ಮಾಡಿ, ಇನ್ನೊಬ್ರನ್ನು ಕರ್ಕೊಂಡು ಬನ್ನಿ, ರಿಸಲ್ಟ್ ಫೋನಲ್ಲಿ ಹೇಳೋದಿಲ್ಲ ಅಂತ ಕಳಿಸಿದ್ರು. ತಂಗಿ ತನಗೆ ಗೊತ್ತಾಗೋದೇ ಬೇಡ ಅಂತಾಳೆ, ಅದೂ ಅವಳ ಹಕ್ಕು ಅಂದ್ರು.

ಈಗ ರಿಸೆಪ್ಷನ್. ಹತ್ತು ಗಂಟೆಗೆ ಅಪಾಯಿಂಟ್‌ಮೆಂಟ್, ಒಳಗೆ ಕರೆದದ್ದು ಮುಕ್ಕಾಲು ಒಂದಕ್ಕೆ. ಅದಾದ್ರೂ ಸಹಿಸ್ಬಹುದು. ಎರಡನೇ ಸಲ ತಂಗಿಯನ್ನು ಕರ್ಕೊಂಡು ಹೋದಾಗ ಕೌಂಟರಲ್ಲಿದ್ದವರು ಹಾಲಿಡೀ ಕೇಳುವ ಹಾಗೆ "ಫ್ಯಾಮಿಲಿಯಲ್ಲಿ ಎಂತ ಕಾಯಿಲೆ, ನಿಮಗೂ ಉಂಟಾ?" ಅಂತ ಕೇಳಿದ್ರು. ಹಿಂದೆ ಕೂತವರಲ್ಲಿ ಇಬ್ರು ನಮ್ಮ ಕುಂಬಳೆಯವರು. ತಂಗಿಗೆ ಗಂಡು ನೋಡ್ತಾ ಇದ್ದೇವೆ ಮಾರಾಯ್ರೆ. ಅವಳು ಅಲ್ಲಿಂದ ಸೀದಾ ಬಸ್ ಸ್ಟ್ಯಾಂಡಿಗೆ ನಡೆದ್ಳು, ಒಳಗೆ ಬರ್ಲೇ ಇಲ್ಲ. ಸಹಿ ಹಾಕುವ ಫಾರ್ಮ್ ಆರು ಪೇಜ್, ಒಂದಕ್ಷರ ಕನ್ನಡ ಇಲ್ಲ, ಮಲಯಾಳವೂ ಇಲ್ಲ, ಅರ್ಧಕ್ಕರ್ಧ ಜನ ಕೇರಳ ಗಡಿಯ ತಲಪಾಡಿ ದಾಟಿ ಬರುವವರೇ ಆದ್ರೂ.

ಹೋಗುವವರು ಫೋನ್ ಮಾಡಿಯೇ ಹೋಗಿ, ಕೌನ್ಸೆಲರ್ ಮೇಡಂ ವಾರಕ್ಕೆ ಎರಡೇ ದಿನ ಇರೋದು. ಹಳೆಯ ರಿಪೋರ್ಟ್ ಎಲ್ಲ ತಗೊಂಡು ಹೋಗಿ, ಅಜ್ಜ ಅಜ್ಜಿ ಯಾವ ವಯಸ್ಸಿಗೆ ಹೇಗೆ ಹೋದ್ರು ಅಂತ ಮನೆಯಲ್ಲಿ ಕೇಳಿ ಬರ್ಕೊಂಡು ಹೋಗಿ, ಅದನ್ನೇ ಮೊದಲು ಕೇಳ್ತಾರೆ. ಕೌಂಟರಲ್ಲಿ ಕಾಯಿಲೆ ಹೆಸರು ಕೇಳಿದ್ರೆ ಚೀಟಿಯಲ್ಲಿ ಬರೆದು ಕೊಡಿ, ಬಾಯಲ್ಲಿ ಹೇಳ್ಬೇಡಿ.