ಬೆನ್ನಲ್ಲಿ ಕಾವು, ಕಣ್ಣಿಗೆ ನಿದ್ದೆ ಇಲ್ಲ: ಟೆಲಿ ಮನಸ್ 14416 ನನಗೆ ಹೇಗೆ ನೆರವಾಯಿತು

ಟೆಲಿ ಮನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಗೆ ನನ್ನ ಕಡೆಯಿಂದ ಐದಕ್ಕೆ ಐದು. ನಂಬರ್ 14416. ಪರೀಕ್ಷೆಯ ಭಯ, ಕುಡಿತ, ಬೇಸರ, ಸಾಲದ ಚಿಂತೆ ಅಂತ ಜನ ಇಲ್ಲಿಗೆ ಕರೆ ಮಾಡುತ್ತಾರೆ. ನಾನು ಮಾಡಿದ ಕಾರಣ ಬೇರೆ. ಬೆನ್ನಿನ ಬುಡದಿಂದ ನೆತ್ತಿಯವರೆಗೆ ಕಾವು ಏರುತ್ತಿತ್ತು. ಕೈಕಾಲು ತಾವಾಗಿಯೇ ಅದುರುತ್ತಿದ್ದವು. ಕಣ್ಣು ಮುಚ್ಚಿದರೆ ಬೆಳಕು, ಕಿವಿಯಲ್ಲಿ ಗುಂಯ್ ಅನ್ನುವ ಸದ್ದು. ನಿದ್ದೆಯಂತೂ ಪೂರಾ ಹೋಗಿತ್ತು. ಇಂಥ ಸ್ಥಿತಿಯಲ್ಲಿ ಯಾರನ್ನು ಕೇಳಬೇಕು ಅಂತ ತಿಳಿಯದೆ ಕೂತವರು ಇನ್ನೂ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಸಾಗರದ ಕಡೆ ಹಳ್ಳಿ, ಅಡಿಕೆ ತೋಟದ ಮನೆ. ಆಸನ, ಸರಳವಾದ ಪ್ರಾಣಾಯಾಮ ನನಗೆ ಹಳೆಯ ಅಭ್ಯಾಸ. ಅದರಿಂದ ಯಾವತ್ತೂ ತೊಂದರೆ ಆಗಿರಲಿಲ್ಲ. ಆಮೇಲೆ ಒಂದು ಶಿಬಿರಕ್ಕೆ ಹೋದೆ. ಅಲ್ಲಿ ತಿದಿಯಂತೆ ಜೋರಾಗಿ ಉಸಿರಾಡುವ ಭಸ್ತ್ರಿಕಾ, ಗಂಟಲು, ಹೊಟ್ಟೆ ಬಿಗಿಹಿಡಿಯುವ ಬಂಧ ಹಾಕಿ ಉಸಿರು ಹಿಡಿಯುವುದು, ಬೆಳಗ್ಗೆ ಸಂಜೆ ಗಂಟೆಗಟ್ಟಲೆ. ಊಟ ತೀರಾ ಕಡಿಮೆ. ಮನೆಗೆ ಬಂದ ಮೇಲೂ ಮೈ ಮೊದಲಿನಂತೆ ಆಗಲಿಲ್ಲ. ಶಿಬಿರದವರಿಗೆ ಫೋನ್ ಮಾಡಿದರೆ, "ನಿಮ್ಮ ಕುಂಡಲಿನಿ ಎದ್ದಿದೆ, ಪುಣ್ಯ ಮಾಡಿದ್ದೀರಿ, ಬಿಡದೆ ಮುಂದುವರಿಸಿ" ಅಂದರು. ಕುಂಡಲಿನಿ ಅಂದರೆ ಬೆನ್ನಿನ ಬುಡದಲ್ಲಿ ಮಲಗಿರುತ್ತದೆ ಅಂತ ಯೋಗದವರು ಹೇಳುವ ಶಕ್ತಿ. ಪಕ್ಕದ ಮನೆಯ ಅಜ್ಜಿ ಏನೋ ಮೈಮೇಲೆ ಬಂದಿದೆ, ಕೇಳಿಸಿಕೊಂಡು ಬನ್ನಿ ಅಂದರು. ಒಬ್ಬರಿಗೆ ನಾನು ಸಿದ್ಧಳು, ಇನ್ನೊಬ್ಬರಿಗೆ ಗಾಳಿ ಹಿಡಿದವಳು. ರಾತ್ರಿ ಮಲಗಿದೆಯಾ ಅಂತ ಯಾರೂ ಕೇಳಲಿಲ್ಲ.

14416ರಲ್ಲಿ ಮೊದಲು ಕೇಳಿದ್ದೇ ಅದನ್ನು.

ಕರೆ ಮಾಡಿದ್ದು ನಡುರಾತ್ರಿಯ ಹೊತ್ತು, ಮನೆಯವರಿಗೆ ಕೇಳಿಸಬಾರದು ಅಂತ ಕೊಟ್ಟಿಗೆಯ ಹತ್ತಿರ ನಿಂತು. ಭಾಷೆ ಆರಿಸಲು ಹೇಳಿತು, ಕನ್ನಡ ಒತ್ತಿದೆ. ಒಬ್ಬ ಹೆಣ್ಣುಮಗಳು ಮಾತಾಡಿದರು. ನಾನು ಕುಂಡಲಿನಿ, ಅದು ಏರುವ ನಡುನಾಡಿ ಸುಷುಮ್ನಾ ಅಂತೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವರು ನಗಲಿಲ್ಲ, ಅಯ್ಯೋ ಅನ್ನಲೂ ಇಲ್ಲ. "ಮೇಡಂ, ಮೊದಲು ಇದು ಹೇಳಿ, ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನ ಆಯಿತು?" ಅಂದರು. ಆಮೇಲೆ ಊಟ ಸೇರುತ್ತಿದೆಯಾ, ಎದೆ ಹೊಡೆದುಕೊಳ್ಳುತ್ತಾ, ಮೈ ತೂಕ ಇಳಿದಿದೆಯಾ. ಬೇರೆಯವರಿಗೆ ಕೇಳದ ದನಿ ಕೇಳಿಸುತ್ತಾ, ಅದು ಏನಾದರೂ ಮಾಡು ಅಂತ ಹೇಳುತ್ತಾ. ಸಾಯಬೇಕು ಅನ್ನಿಸಿದೆಯಾ. ಆ ಕೊನೆಯ ಪ್ರಶ್ನೆಯನ್ನು ಅವರು ನೇರವಾಗಿ, ಮೆತ್ತಗೆ ಕೇಳಿದರು. ನನಗೆ ಅಳು ಬಂತು. ಅಳು ನಿಲ್ಲುವವರೆಗೂ ಕಾದರು.

ನನಗೆ ಆಗಿದ್ದು ನಿಜವಾದ ಕುಂಡಲಿನಿಯೋ ಅಲ್ಲವೋ ಅನ್ನುವ ತೀರ್ಪು ಅವರು ಕೊಡಲಿಲ್ಲ. ಇದು ನನಗೆ ಬಹಳ ಹಿಡಿಸಿತು. "ನಿಮ್ಮ ಅನುಭವ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ಈಗ ದೇಹಕ್ಕೆ ವಿಶ್ರಾಂತಿ ಬೇಕು. ಉಸಿರಿನ ಅಭ್ಯಾಸ, ಧ್ಯಾನ ಎರಡನ್ನೂ ಸದ್ಯ ಪೂರ್ತಿ ನಿಲ್ಲಿಸಿ, ವೈದ್ಯರನ್ನು ನೋಡಿ" ಅಂದರು. ರಾತ್ರಿ ಒಬ್ಬಳೇ ಮಲಗಬೇಡ, ಮನೆಯಲ್ಲಿ ಒಬ್ಬರಿಗಾದರೂ ವಿಷಯ ಹೇಳು ಅನ್ನುವುದೂ ಇತ್ತು. ಬೆಳಗ್ಗೆ ಯಜಮಾನರಿಗೆ ಎಲ್ಲ ಹೇಳಿದೆ. ಆಮೇಲೆ ಸಹಾಯವಾಣಿಯಿಂದಲೇ ವಿಚಾರಿಸಿ ಫೋನ್ ಬಂತು. ಅದನ್ನು ನಾನು ನಿರೀಕ್ಷಿಸಿರಲಿಲ್ಲ.

ಮುಂದಿನ ದಾರಿಯೂ ದುಬಾರಿ ಆಗಲಿಲ್ಲ. ಕರ್ನಾಟಕದಲ್ಲಿ ಮನೋಚೈತನ್ಯ ಅಂತ ಸರ್ಕಾರದ ಕಾರ್ಯಕ್ರಮ ಇದೆ. ಮಂಗಳವಾರಗಳಲ್ಲಿ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ನಮ್ಮ ಕಡೆಯವರಲ್ಲಿ ಹೆಚ್ಚಿನವರಿಗೆ ಇದು ಗೊತ್ತೇ ಇಲ್ಲ. ಅಲ್ಲಿ ವೈದ್ಯರು ಮೊದಲು ಥೈರಾಯ್ಡ್ ರಕ್ತಪರೀಕ್ಷೆ ಬರೆದರು. ಥೈರಾಯ್ಡ್ ಜಾಸ್ತಿ ಕೆಲಸ ಮಾಡಿದರೂ ಮೈ ಬಿಸಿ, ನಡುಕ, ಎದೆಬಡಿತ, ನಿದ್ದೆಗೇಡು ಎಲ್ಲ ಬರುತ್ತದಂತೆ. ನಿದ್ದೆ ಇಲ್ಲದೆಯೂ ಸುಸ್ತಾಗದೆ, ಮಾತು ಓಡುತ್ತಾ, ನನಗೇನೋ ವಿಶೇಷ ಶಕ್ತಿ ಬಂದಿದೆ ಅನ್ನಿಸುವುದು ಉನ್ಮಾದದ ಕಾಯಿಲೆಯಲ್ಲೂ ಇರುತ್ತದೆ. ಜೋರಾಗಿ ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಬೆರಳು, ತುಟಿ ಜುಮ್ಮೆನ್ನುವುದು, ತಲೆ ತೇಲಿದಂತಾಗುವುದು ಸಹಜ ಅಂತಲೂ ತಿಳಿಸಿದರು. ನನ್ನ ಥೈರಾಯ್ಡ್ ಸರಿ ಇತ್ತು. ನಿದ್ದೆಗೆ ಸ್ವಲ್ಪ ಕಾಲ ಮಾತ್ರೆ ತೆಗೆದುಕೊಂಡೆ. ಮಾತ್ರೆ ತಿಂದರೆ ಶಕ್ತಿ ಕೆಳಗಿಳಿದು ಹಾಳಾಗುತ್ತದೆ ಅಂತ ಯಾರಾದರೂ ಹೆದರಿಸಿದರೆ ದಯವಿಟ್ಟು ಕಿವಿಗೆ ಹಾಕಿಕೊಳ್ಳಬೇಡಿ. ನಿದ್ದೆ ಬಂದ ಮೇಲೆಯೇ ನನಗೆ ನಾನು ವಾಪಸ್ ಸಿಕ್ಕಿದ್ದು.

ಆಸ್ಪತ್ರೆಗೆ ಹೋದರೆ ಸಾಧನೆಗೆ ಅವಮಾನ ಅನ್ನುವವರು ನಮ್ಮ ಹಳೆಯ ಗ್ರಂಥವನ್ನೇ ಓದಬೇಕು. ಹಠಯೋಗ ಪ್ರದೀಪಿಕೆಯ ಎರಡನೇ ಅಧ್ಯಾಯದಲ್ಲಿ ಸ್ಪಷ್ಟವಾಗಿದೆ: ಸಿಂಹ, ಆನೆ, ಹುಲಿಯನ್ನು ಮೆಲ್ಲಮೆಲ್ಲನೆ ಪಳಗಿಸುವ ಹಾಗೆ ಪ್ರಾಣವನ್ನು ಪಳಗಿಸಬೇಕು, ಇಲ್ಲದಿದ್ದರೆ ಅದು ಸಾಧಕನನ್ನೇ ಕೊಲ್ಲುತ್ತದೆ. ತಪ್ಪು ಪ್ರಾಣಾಯಾಮದಿಂದ ಬಿಕ್ಕಳಿಕೆ, ಕೆಮ್ಮು, ಉಬ್ಬಸ, ತಲೆ ಕಿವಿ ಕಣ್ಣಿನ ನೋವು ಬರುತ್ತವೆ ಅಂತಲೂ ಇದೆ. ಅಂದರೆ ಕಷ್ಟ ಬಂದರೆ ಅದು ಪ್ರಗತಿ ಅಂತ ಶಾಸ್ತ್ರ ಹೇಳುವುದಿಲ್ಲ, ಅಲ್ವಾ?

ಕಾಶ್ಮೀರದ ಗೋಪಿ ಕೃಷ್ಣ ಅವರ ಕಥೆಯೂ ನನಗೆ ಆಗ ಧೈರ್ಯ ಕೊಟ್ಟಿತು. ಸಂಸಾರಸ್ಥರು, ಸರ್ಕಾರಿ ಕಚೇರಿಯ ಗುಮಾಸ್ತರು. ಗುರು ಇಲ್ಲದೆ ವರ್ಷಗಟ್ಟಲೆ ಧ್ಯಾನ ಮಾಡಿದ್ದರು. 1937ರ ಡಿಸೆಂಬರ್‌ನಲ್ಲಿ ಜಮ್ಮುವಿನಲ್ಲಿ ತಮಗೆ ಈ ಶಕ್ತಿ ಎದ್ದಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಆಮೇಲೆ ಸಹಿಸಲಾಗದ ಉರಿ, ಊಟ ನಿದ್ದೆ ಎರಡೂ ಇಲ್ಲ, ಸಾವಿನ ಹತ್ತಿರ ಹೋಗಿ ಬಂದರು. ಶಕ್ತಿ ಬಲಗಡೆಯ ಬಿಸಿ ನಾಡಿ ಪಿಂಗಳೆಯಲ್ಲಿ ಏರಿದ್ದೇ ಇದಕ್ಕೆ ಕಾರಣ ಅಂತ ಅವರು ನಂಬಿದ್ದರು. ಮನಸ್ಸನ್ನು ಎಡಗಡೆಯ ತಂಪು ನಾಡಿ ಇಡೆಯ ಕಡೆ ತಿರುಗಿಸಿದ ಮೇಲೆ ತಂಪಾಯಿತು ಅಂತ ಬರೆದಿದ್ದಾರೆ. ನಾಡಿಗಳ ವಿಷಯ ಹಾಗಿರಲಿ. ನನಗೆ ಮುಖ್ಯ ಅನ್ನಿಸಿದ್ದು ಅವರ ಊಟದ ಕ್ರಮ. ಹೊಟ್ಟೆ ಖಾಲಿ ಬಿಡದೆ ಆಗಾಗ ಸ್ವಲ್ಪ ಸ್ವಲ್ಪ ತಿನ್ನುತ್ತಿದ್ದರು. ಉಪವಾಸ ಇಂಥವರಿಗೆ ಶತ್ರು.

ನಮ್ಮ ಮನೆಯಲ್ಲಿ ಅತ್ತೆ ಇದನ್ನು ಅಚ್ಚುಕಟ್ಟಾಗಿ ಕೈಗೆತ್ತಿಕೊಂಡರು. "ಕುಂಡಲಿನಿ ಗಿಂಡಲಿನಿ ನನಗೆ ತಿಳಿಯದು ಮಗಾ, ನೀನು ಉಣ್ಣು" ಅಂದರು. ಒಂದೆಲಗದ ತಂಬುಳಿ, ಮೊಸರನ್ನ, ಬೂದುಗುಂಬಳದ ಪಲ್ಯ, ನಡುವೆ ರಾಗಿ ಅಂಬಲಿ. ಕಾಫಿ ಬಂದ್. ಒಣಮೆಣಸು ಕಡಿಮೆ. ವಾರಕ್ಕೊಮ್ಮೆ ತಲೆಗೆ, ಅಂಗಾಲಿಗೆ ಎಣ್ಣೆ ಹಚ್ಚಿ ಸ್ನಾನ. ಕೂತು ಕಣ್ಣು ಮುಚ್ಚುವ ಹೊತ್ತಿಗೆ ತೋಟಕ್ಕೆ ಹೋಗಿ ಬರಿಗಾಲಲ್ಲಿ ಕಳೆ ಕೀಳುತ್ತಿದ್ದೆ, ಬಿದ್ದ ಹಾಳೆ ಆರಿಸುತ್ತಿದ್ದೆ. ಕಾವು ಏರಿದಾಗ ಗಮನವನ್ನು ಬೆನ್ನಿನ ಮೇಲೆ ಇಡದೆ ಅಂಗಾಲಿನ ಮೇಲೆ ಇಡುವುದು ಬಹಳ ನೆರವಾಯಿತು. ತಣ್ಣೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಸುಮ್ನೆ ಕೂತರೆ ಅದುರುವುದು ಇಳಿಯುತ್ತಿತ್ತು. ಒಂದೇ ಸಲಕ್ಕೆ ಎಲ್ಲ ನಿಲ್ಲಲಿಲ್ಲ. ಅಲೆ ಬರುತ್ತಿತ್ತು, ಹೋಗುತ್ತಿತ್ತು. ಬಂದಾಗ ಹೆದರದೇ ಇದ್ದರೆ ಬೇಗ ಹೋಗುತ್ತಿತ್ತು.

ಸೇವೆಯ ಮಿತಿಯನ್ನೂ ಹೇಳಬೇಕು. ಕುಂಡಲಿನಿ ಅಂದರೆ ಏನು, ಮುಂದೆ ಸಾಧನೆ ಹೇಗೆ ಅಂತ ತಿಳಿಯಲು 14416ಕ್ಕೆ ಕರೆ ಮಾಡಬೇಡಿ. ಅದು ಅವರ ಕೆಲಸ ಅಲ್ಲ. ಅದಕ್ಕೆ ನಿಧಾನವಾಗಿ ನಡೆಸುವ, ನಿಲ್ಲಿಸು ಅಂತ ಹೇಳಲು ಗೊತ್ತಿರುವ ಗುರು ಬೇಕು. ನಿಲ್ಲಿಸು ಅನ್ನದವರು ನನ್ನ ಲೆಕ್ಕದಲ್ಲಿ ಗುರು ಅಲ್ಲವೇ ಅಲ್ಲ. ನಾನು ಈಗ ಲಘು ಆಸನ ಮಾತ್ರ ಮಾಡುತ್ತೇನೆ. ಉಸಿರು ಹಿಡಿಯುವ ಯಾವ ಅಭ್ಯಾಸವೂ ಇಲ್ಲ.

ಇನ್ನು ಕೆಲವು ವಿವರ. ಈ ಸೇವೆ ಶುರುವಾಗಿದ್ದು 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ. ಕೇಂದ್ರ ಸರ್ಕಾರದ್ದು, ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ಮುಖ್ಯ ಕೇಂದ್ರ. ಹಗಲು ರಾತ್ರಿ ಉಚಿತ. ಇಂಟರ್‌ನೆಟ್ ಬೇಡ, ಸಾದಾ ಫೋನ್ ಸಾಕು. ನಮ್ಮ ಮಲೆನಾಡಿನ ಸಿಗ್ನಲ್‌ಗೆ ಇದು ದೊಡ್ಡ ಅನುಕೂಲ. 1800-891-4416 ಅನ್ನುವ ಇನ್ನೊಂದು ನಂಬರೂ ಇದೆ. ಮೊದಲು ತರಬೇತಿ ಪಡೆದ ಆಪ್ತಸಮಾಲೋಚಕರು ಮಾತಾಡುತ್ತಾರೆ, ಅಗತ್ಯ ಬಿದ್ದರೆ ತಜ್ಞರಿಗೆ ದಾಟಿಸುತ್ತಾರೆ. ತಮಗೆ ಏನೂ ಆಗಿಲ್ಲ ಅಂತ ಹಟ ಹಿಡಿದವರ ಪರವಾಗಿ ಮನೆಯವರೂ ಕರೆ ಮಾಡಬಹುದು. ಆದರೆ ದಿನಗಟ್ಟಲೆ ನಿದ್ದೆ ಇಲ್ಲದೆ ಮಾತು ತಪ್ಪುತ್ತಿದ್ದರೆ, ಊಟ ನೀರು ಬಿಟ್ಟಿದ್ದರೆ, ದನಿಗಳು ಅಪ್ಪಣೆ ಕೊಡುತ್ತಿದ್ದರೆ, ಸಾಯುವ ಮಾತು ಬಂದಿದ್ದರೆ ಫೋನಿನಲ್ಲಿ ಹೊತ್ತು ಕಳೆಯಬೇಡಿ. 108ಕ್ಕೆ ಹೇಳಿ, ಅವರನ್ನು ಒಬ್ಬರನ್ನೇ ಬಿಡದೆ ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.